ಬೆರಳು ತೋರಿಸಿ ಹೇಳುವುದು

ಮೂವತ್ತೆಂಟು ವರ್ಷ ಕಡಲಂಚಿನ ಹಳಿಯ ಮೇಲೆ
ಎರಡು ಡಬ್ಬಿಯ ರೈಲು ಓಡಿಸಿದೆ.
ಸಿಗ್ನಲ್ ಕಂಡರೆ ಸಾಲದು, ನಮ್ಮಲ್ಲಿ
ಬೆರಳು ತೋರಿಸಿ ಬಾಯಿಬಿಟ್ಟು ಹೇಳಬೇಕು:
'ಹಸಿರು, ಸರಿ.' ಒಬ್ಬನೇ ಇದ್ದರೂ.
ಹಿಮ ಕವಿದು ಏನೂ ಕಾಣದಿದ್ದರೆ
'ಕಾಣುತ್ತಿಲ್ಲ' ಅಂತಲೂ.

ಈಗ ಫುಮಿ ಬಡಿಸಿದ್ದಕ್ಕೆ ಬೆರಳು ತೋರಿಸುತ್ತೇನೆ.
'ಅನ್ನ, ಅರ್ಧ ಬಟ್ಟಲು, ಸರಿ.
ತೋಫು, ಎರಡು ತುಂಡು, ಸರಿ.'
ಅವಳು ನಗುವುದಿಲ್ಲ. ತುತ್ತಿಗೆ ಮೂವತ್ತು ಸಲ
ನನ್ನ ದವಡೆ ಆಡುವುದನ್ನು ಎಣಿಸುತ್ತಾಳೆ.
ಇಪ್ಪತ್ತನಾಲ್ಕಕ್ಕೇ ನುಂಗಿದರೆ
ತನ್ನ ಕಡ್ಡಿಗಳನ್ನು ಕೆಳಗಿಟ್ಟುಬಿಡುತ್ತಾಳೆ.

ಗೇಣು ಹೊಟ್ಟೆ ಅನ್ನುತ್ತಾರಲ್ಲ,
ನನ್ನದು ಈಗ ಮೂರು ಬೆರಳು.
ಮಿಕ್ಕದ್ದನ್ನು ನೋಶಿರೋ ಆಸ್ಪತ್ರೆಯಲ್ಲಿ
ಡಾಕ್ಟರ್ ಕಸುಯಾ ಸ್ಟೀಲಿನ ತಟ್ಟೆಯಲ್ಲಿಟ್ಟು
ಫುಮಿಗೆ ತೋರಿಸಿದರಂತೆ:
'ಇಲ್ಲಿ ನೋಡಿ, ಕಿರುಬೆರಳ ಉಗುರಿನಷ್ಟು.'
ಅವಳು ನೋಡಿದಳು. ಹೇಗಿತ್ತೆಂದು ಏಳು ವರ್ಷದಲ್ಲಿ
ಒಮ್ಮೆ ಮಾತ್ರ ಹೇಳಿದ್ದಾಳೆ:
'ಒದ್ದೆ ಕೈಗವಸಿನ ಹಾಗೆ.'

ಬೇಗ ಸಿಕ್ಕಿತು, ಪುಣ್ಯ, ಎಂದರು ಎಲ್ಲರೂ.
ವರ್ಷಕ್ಕೊಮ್ಮೆ ಬರುವ ತಪಾಸಣೆಯ ಬಸ್ಸು,
ಸುಣ್ಣದ ತಿಳಿಯಂಥ ಬೇರಿಯಂ, ಒಂದು ನೆರಳು.
ನನಗೆ ಏನೂ ಆಗಿರಲಿಲ್ಲ. ನೋವಿಲ್ಲ, ಉರಿಯಿಲ್ಲ.
ಆರಾಮಾಗಿ ಬಸ್ಸು ಹತ್ತಿದವನು ರೋಗಿಯಾಗಿ ಇಳಿದೆ.
ಆ ಸಿಟ್ಟು ಇನ್ನೂ ಹೋಗಿಲ್ಲ,
ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು.

ಐದು ವರ್ಷಕ್ಕೆ 'ಪಾಸಾದಿರಿ' ಎಂದರು.
ಹಳೆಯ ಗೆಳೆಯರು ಸಾಕೆ ತಂದರು.
ಕಾಲು ಲೋಟಕ್ಕೇ ಎದೆ ಡವಡವ, ಬೆವರು,
ಚಾಪೆ ಬೋಗಿಯ ಹಾಗೆ ಓಲಾಡಿತು.
ಹೊಟ್ಟೆಯಲ್ಲಿ ನಿಲ್ದಾಣವೇ ಇಲ್ಲ ನೋಡಿ,
ಹೋದದ್ದೆಲ್ಲ ಎಕ್ಸ್‌ಪ್ರೆಸ್ಸಿನಂತೆ ನೇರ ಕರುಳಿಗೆ.
ಮಲಗಿದಲ್ಲೇ ತೀರ್ಮಾನಿಸಿದೆ: ಮುಗಿಯಿತು.
ಪಾಸಾದವನಿಗೆ ಮತ್ತೇಕೆ ಪರೀಕ್ಷೆ?

ಆರನೆಯ ವರ್ಷದ ಕಾಗದ ಬಂದಾಗ
ಒಡೆಯದೆ ಹಳೆಯ ಸಮವಸ್ತ್ರದ ಒಳಜೇಬಿಗೆ ಸೇರಿಸಿದೆ.
ಆ ವರ್ಷ ಚೆನ್ನಾಗಿತ್ತು.
ಸುಳ್ಳೇಕೆ. ರಾತ್ರಿ ಪಿತ್ತ ಗಂಟಲಿಗೆ ಬಂದಾಗೆಲ್ಲ
ಎದ್ದು ಕೂತು ಒಂದೇ ಕಡೆ ನೋಡುತ್ತಿದ್ದೆ,
ಬೀರುವಿನ ಬಾಗಿಲು.

ಬಟ್ಟೆಗೆ ನುಸಿಗುಳಿಗೆ ಇಡುವಾಗ ಫುಮಿಗೆ ಸಿಕ್ಕಿತು.
ಬೈಯಲಿಲ್ಲ. ಲಕೋಟೆಯನ್ನು ನನ್ನ ಬಟ್ಟಲಿನ ಪಕ್ಕ ಇಟ್ಟು
ಬೆರಳು ತೋರಿಸಿ, ನನ್ನದೇ ದನಿಯಲ್ಲಿ,
'ಕೆಂಪು' ಎಂದಳು. 'ಕೆಂಪು. ಸರಿಯಿಲ್ಲ.'

ಹಾಗಾಗಿ ಇಂದು ಬೆಳಿಗ್ಗೆ, ಎಡಮಗ್ಗುಲಾಗಿ,
ಹಲ್ಲಿನಲ್ಲಿ ಪ್ಲಾಸ್ಟಿಕ್ ಬಳೆ ಕಚ್ಚಿಕೊಂಡು
ಪರದೆಯ ಮೇಲೆ ನನ್ನೊಳಗಿನ ಸುರಂಗ ನೋಡಿದೆ.
ಸುರಂಗ ನನಗೆ ಹೊಸದಲ್ಲ.
ಗೋಡೆಯ ಜಿನುಗು, ದೀಪ ಬಿದ್ದಲ್ಲಿ ಮಿನುಗು,
ತಿರುವಿನಾಚೆ ಏನೋ ಎಂಬ ಆ ಅರ್ಧ ಸೆಕೆಂಡು.
ಕಸುಯಾ ನಿವೃತ್ತರು. ಈಗಿರುವವಳು ಹುಡುಗಿ, ಮೊಗಾಮಿ,
ನನ್ನ ಬೆಳಗಿನ ರೈಲಿನಲ್ಲೇ ಶಾಲೆಗೆ ಹೋದವಳಿರಬಹುದು.
'ಜೋಡಿಸಿದ ಗೆರೆ ಇದು, ಶುಭ್ರವಾಗಿದೆ,' ಎಂದಳು.
'ಇಲ್ಲಿ ಸ್ವಲ್ಪ ಕೆಂಪು. ಚೂರು ತೆಗೆಯುತ್ತೇನೆ.
ಬಹುಶಃ ಪಿತ್ತದ್ದು.'
ಬಹುಶಃ.
ಹಳಿಯ ಮೇಲೆ ಈ ಮಾತಿಗೆ ದೀಪವಿಲ್ಲ.

ಫಲಿತಾಂಶಕ್ಕೆ ಎರಡು ವಾರ.
ರಕ್ತದಲ್ಲಿ ಕಬ್ಬಿಣ ಕಡಿಮೆಯಂತೆ, ಮಾತ್ರೆ ಕೊಟ್ಟಳು.
ಅಷ್ಟು ವರ್ಷ ಕಬ್ಬಿಣದ ಮೇಲೇ ಓಡಿದವನಿಗೆ!
ಮುಂದಿನ ವರ್ಷದ ತಾರೀಖನ್ನೂ ಚೀಟಿಯಲ್ಲಿ ಬರೆದಳು,
ಮುಂದಿನ ವರ್ಷ ಇದ್ದೇ ಇದೆ ಎಂಬಂತೆ.

ವಾಪಸು ಬರುವಾಗ ಚಾಲಕನ ಹಿಂದಿನ ಗಾಜಿಗೆ ಒರಗಿ ನಿಂತೆ.
ಹೊರಗೆ ಹಿಮ. ಬಿಳಿ ಕೈಗವಸಿನ ಹುಡುಗ
ಬೆರಳೆತ್ತಿ ಏನೋ ಹೇಳುತ್ತಾನೆ, ಕೇಳಿಸುವುದಿಲ್ಲ.
ಫುಮಿ ಡಬ್ಬಿ ತೆರೆದು ಅರ್ಧ ಮೊಟ್ಟೆ ಕೊಟ್ಟಳು.
ಬಾಯಿಗಿಟ್ಟು ನಾನೂ ಬೆರಳೆತ್ತಿದೆ,
ಎರಡು ವಾರದಾಚೆಗೆ. 'ಕಾಣುತ್ತಿಲ್ಲ' ಎಂದೆ.
ಬಾಯಿ ತುಂಬಿತ್ತು, ಸರಿಯಾಗಿ ಹೊರಡಲಿಲ್ಲ.

'ಹದಿನೇಳು,' ಎಂದಳು ಫುಮಿ. 'ಹದಿನೆಂಟು.'